ಕೋಟಿನ ಅಳತೆಯ ಬಂದೂಕು

ನಮ್ಮ ಮಾವನವರು ಬೆಳಗಿನ ಹೊತ್ತು ಮನೆಯಿಂದ ಹೊರಗೆ ಬರುವಾಗ ರಂಗೋಲಿಯನ್ನು ಎಂದೂ ತುಳಿಯುತ್ತಿರಲಿಲ್ಲ. ಹೊಸ್ತಿಲ ಮೇಲೆ ಒಂದು ಗಳಿಗೆ ನಿಂತು, ಪಂಚೆಯ ಅಂಚನ್ನು ಎರಡು ಬೆರಳಲ್ಲಿ ಎತ್ತಿ, ಗದ್ದೆಬದುವಿನ ಮೇಲೆ ಹೋಗುವವರ ಹಾಗೆ ಪಕ್ಕಕ್ಕೆ ಕಾಲಿಟ್ಟು ದಾಟುತ್ತಿದ್ದರು. ಆಗಿನ ಕಾಲಕ್ಕೆ ಸೊಸೆಯಾದವಳು ಮಾವನ ಎದುರು ನಿಂತು ಮಾತಾಡುವುದಿರಲಿಲ್ಲ. ಏನಿದ್ದರೂ ಅತ್ತೆಯ ಮೂಲಕ ಹೋಗಬೇಕು, ಅತ್ತೆಯ ಮೂಲಕ ಬರಬೇಕು. ಹಾಗಾಗಿ ಹೊಸದಾಗಿ ಆ ಮನೆಗೆ ಬಂದ ನನಗೆ ಅವರಿಂದ ಸಿಕ್ಕ ಮಾತು ಅಂದರೆ ಆ ದಾಟುವಿಕೆ ಒಂದೇ. ನನ್ನ ರಂಗೋಲಿಯನ್ನು ಅಷ್ಟು ಜೋಪಾನ ಮಾಡುವ ಹಿರಿಯರ ಮೇಲೆ ನನಗೆ ಒಳಗೊಳಗೇ ಅಕ್ಕರೆ ಹುಟ್ಟಿತ್ತು.

ಎರಡನೆಯ ವರ್ಷ, ರಾಗಿ ಒಕ್ಕಣೆ ಮುಗಿದ ಮೇಲೆ, ಅವರು ರಂಗೋಲಿ ತುಳಿಯತೊಡಗಿದರು. ಪಂಚೆ ಎತ್ತುವುದು, ನಿಲ್ಲುವುದು ಎಲ್ಲ ಮೊದಲಿನ ಹಾಗೆಯೇ. ಆದರೆ ಬಲಗಾಲು ಮಾತ್ರ ಅಂಚಿನ ಎಳೆಯ ಮೇಲೆ ಬೀಳುತ್ತಿತ್ತು. ಬಲಗಾಲಿನ ಕಿರುಬೆರಳಿಗೆ ಅಂಟಿದ ಬಿಳಿ ಪುಡಿಯನ್ನು ನಾನು ತುಳಸಿಕಟ್ಟೆಯ ಹತ್ತಿರ ನಿಂತು ನೋಡುತ್ತಿದ್ದೆ. ಮೊದಲು ಬೇಜಾರಾಯಿತು. ಆಮೇಲೆ ಬೇರೆ ಬೇರೆ ಸಣ್ಣ ಸಂಗತಿಗಳು ಕಣ್ಣಿಗೆ ಬಿದ್ದವು. ಕಾಫಿ ಲೋಟವನ್ನು ಬಲಗಡೆ ಇಟ್ಟರೆ ಅವರ ಕೈ ತಡವರಿಸುತ್ತಿತ್ತು. ಕೋಳಿ ಕಾಳನ್ನು ನೋಡುವ ಹಾಗೆ ಮುಖವನ್ನು ಓರೆ ಮಾಡಿ ಪೇಪರು ಓದುತ್ತಿದ್ದರು. ಜಗುಲಿಯ ಮೇಲೆ ಯಾವಾಗಲೂ ಕೂರುವ ಮೂಲೆಯನ್ನು ಬಿಟ್ಟು ಇನ್ನೊಂದು ಮೂಲೆಗೆ ಹೋಗಿದ್ದರು. ಅಲ್ಲಿ ಕೂತರೆ ಬೀದಿಯಲ್ಲಿ ಬರುವವರೆಲ್ಲ ಎಡಗಡೆಯಿಂದ ಬರುತ್ತಾರೆ. ಹೊರಗಿನಿಂದ ನೋಡಿದರೆ ಎರಡು ಕಣ್ಣೂ ತಿಳಿಯಾಗಿಯೇ ಇದ್ದವು. ಆದರೆ ಬಲಗಣ್ಣಿನೊಳಗೆ ದೀಪ ಆರಿಹೋಗಿತ್ತು. ಅದು ಹೇಗಾಯಿತೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಇದನ್ನು ಅವರು ಯಾಕೆ ಮುಚ್ಚಿಟ್ಟರೆಂದು ತಿಳಿಯಬೇಕಾದರೆ ನಮ್ಮೂರ ಕೆರೆಯನ್ನು ತಿಳಿಯಬೇಕು. ಗುಂಡ್ಲುಪೇಟೆಗೂ ಬೇಗೂರಿಗೂ ನಡುವೆ, ರಸ್ತೆಯಿಂದ ಒಳಗೆ ನಮ್ಮೂರು. ಊರ ಪಕ್ಕದಲ್ಲಿ ಕೆರೆ. ಕೆರೆಯ ಆಚೆ ದಡದಲ್ಲಿ ಕಡಲೆಕಾಯಿ ಹೊಲಗಳು, ಅದರ ಹಿಂದೆ ಲಂಟಾನದ ಪೊದೆ, ಅದರ ಹಿಂದೆ ಕಾಡು. ಹೊತ್ತು ಇಳಿಯುವ ಹೊತ್ತಿಗೆ ಹಂದಿಗಳು ಪೊದೆಯಿಂದ ಹೊಲಕ್ಕೆ ಇಳಿಯುತ್ತಿದ್ದವು. ಬಂದೂಕಿನ ಲೈಸೆನ್ಸು ಇದ್ದದ್ದು ಊರಿಗೆಲ್ಲ ನಮ್ಮ ಮಾವನವರೊಬ್ಬರಿಗೆ. ಯಾರ ಹೊಲಕ್ಕೆ ಇಳಿದರೂ ಆಳು ಓಡಿಬಂದು ಬಾಗಿಲಲ್ಲಿ ನಿಂತು, "ಬುದ್ದೀ, ಹಂದಿ ಇಳ್ದವೆ" ಅನ್ನುತ್ತಿದ್ದ. ಮಾವನವರು ಊಟ ಮಾಡುತ್ತಿದ್ದರೂ ಕೈ ತೊಳೆದು ಏಳುತ್ತಿದ್ದರು. ಹೊಡೆದ ಹಂದಿಯನ್ನು ಏರಿಯ ಮೇಲೆ ಮುತ್ತುಗದೆಲೆ ಹಾಸಿ ಗುಡ್ಡೆ ಹಾಕುತ್ತಿದ್ದರು, ಮನೆಗೊಂದು ಗುಡ್ಡೆ. ಆ ಗುಡ್ಡೆಗಳ ಮುಂದೆ ನಿಂತು ಇದು ಇಂಥವರಿಗೆ, ಇದು ಬಾಣಂತಿ ಇರುವ ಮನೆಗೆ ಎಂದು ಕೈ ತೋರಿಸುವುದೂ ಅವರೇ. ಕಣ್ಣು ಹೋಗಿದೆಯೆಂದು ಗೊತ್ತಾದ ದಿನ ಲೈಸೆನ್ಸು ಮಗನ ಹೆಸರಿಗೆ ಹೋಗುತ್ತದೆ, ಬಾಗಿಲಲ್ಲಿ ನಿಂತವನು ಬೇರೆಯವರನ್ನು ಕೂಗುತ್ತಾನೆ. ಅವರಿಗಿದ್ದ ಭಯ ಅದು. ಅದನ್ನು ನಾನು ಯಾರಿಂದಲೂ ಕೇಳಿ ತಿಳಿಯಬೇಕಾಗಿರಲಿಲ್ಲ.

ಆ ವರ್ಷವೇ ಹೊಸ ಬಂದೂಕಿನ ಮಾತು ಬಂತು. ಮನೆಯಲ್ಲಿದ್ದ ಹಳೆಯ ಜೋಡಿ ನಳಿಕೆಯ ಬಂದೂಕು ಹತ್ತಿರದಿಂದ ಹೊಡೆಯುವುದಕ್ಕೆ ಸರಿ. ಮಾವನವರ ಮಂಡಿ ಕೈಕೊಟ್ಟಿತ್ತು. ಕೆರೆ ಸುತ್ತಿಕೊಂಡು ಹೊಲಕ್ಕೆ ಹೋಗುವಷ್ಟರಲ್ಲಿ ಹಂದಿಗೆ ವಾಸನೆ ಹೊಡೆದು ಅದು ಪೊದೆ ಸೇರಿರುತ್ತಿತ್ತು. ಇನ್ನು ಮೇಲೆ ಈಚೆ ಏರಿಯ ಮೇಲೆ ಕೂತು ಆಚೆ ದಡಕ್ಕೆ ಹೊಡೆಯಬೇಕು. ಅಷ್ಟು ದೂರಕ್ಕೆ ನೆಟ್ಟಗೆ ಹೋಗುವ ರೈಫಲ್ ಬೇಕು.

ನಮ್ಮ ಯಜಮಾನರಿಗೆ ಗುಂಡ್ಲುಪೇಟೆಯ ಪೇಟೆಬೀದಿಯಲ್ಲಿ ಬಿತ್ತನೆಬೀಜ, ಗೊಬ್ಬರದ ಅಂಗಡಿ. ಯಂತ್ರದಲ್ಲಿ ಮಾಡಿದ್ದು ಯಾವುದಾದರೂ ಸರಿ, ಅವರಿಗೆ ಪ್ರೀತಿ. ಟಾರ್ಚು, ಗಡಿಯಾರ, ನೀರೆತ್ತುವ ಪಂಪು, ಎಲ್ಲದರ ಚಿತ್ರದ ಪುಸ್ತಕ ತರಿಸುತ್ತಿದ್ದರು. ಮದರಾಸಿನ ಅಂಗಡಿಯೊಂದರಿಂದ ರೈಫಲ್‌ಗಳ ಪುಸ್ತಕವನ್ನೂ ತರಿಸಿದರು. ಮಾವನವರ ಮನಸ್ಸು ಮಾತ್ರ ಚಾಮರಾಜನಗರದ ಬಂದೂಕಿನ ಸಾಹೇಬರ ಕಡೆಗಿತ್ತು. ಅವರು ತಾತನ ಕಾಲದಿಂದ ಬಂದೂಕು ಕೆಲಸ ಮಾಡುತ್ತಿದ್ದ ಮನೆತನದವರು. ನಳಿಕೆ, ಗುಂಡು ಹಾರಿಸುವ ಕುದುರೆ, ಕಬ್ಬಿಣದ್ದೆಲ್ಲ ಹೊರಗಿನಿಂದ ತರಿಸಿ, ಮರವನ್ನು ಮಾತ್ರ ಹಿಡಿಯುವವನ ಮೈಗೆ ಅಳತೆಮಾಡಿ ಕೆತ್ತಿ ಕೂಡಿಸಿಕೊಡುತ್ತಿದ್ದರು.

"ಅಪ್ಪ, ಇದು ಫ್ಯಾಕ್ಟರಿ ಮಾಲು," ಅಂದರು ನಮ್ಮ ಯಜಮಾನರು, ಪುಸ್ತಕವನ್ನು ಹಾಸಿ. "ಒಂದು ಹೊಡ್ದ ಜಾಗಕ್ಕೇ ಇನ್ನೊಂದೂ ಓಯ್ತದೆ. ಮೇಲೆ ದುರ್ಬೀನು ಬೇರೆ."

"ನೀನು ಆ ಪಟದಲ್ಲಿರೋ ಬಂದೂಕ ಕಣ್ಣಲ್ಲಿ ಕಂಡಿದ್ದೀಯೇನ್ಲಾ?"

"ಸಾಹೇಬ್ರು ಮಾಡೋದ್ನ ಮಾತ್ರ ಕಂಡಿದ್ದೀವಾ? ಇನ್ನೂ ಮರದೊಳಗೇ ಅದೆ."

"ಮರದೊಳ್ಗೆ ಇದ್ರೂ ನಮ್ ಸಾಬ್ರು ಕಂಡವ್ರೆ ಬುಡು."

ಅತ್ತೆ ಅಕ್ಕಿ ಆರಿಸುತ್ತಾ ತಲೆಯೆತ್ತದೆ ಅಂದರು: "ಅಪ್ಪ ಮಗ ಇಲ್ಲೇ ಒಬ್ರಿಗೊಬ್ರು ಹೊಡ್ಕಂಡ್ರೆ ಹಂದಿಗೇನು, ಆರಾಮಾಗಿ ಕಳ್ಳೆಕಾಯಿ ತಿಂತದೆ."

ಪುಸ್ತಕ ಇಂಗ್ಲಿಷಿನಲ್ಲಿತ್ತು. ಯಜಮಾನರಿಗೆ ಬೆಲೆ, ನಂಬರು ಓದಲು ಬರುತ್ತಿತ್ತೇ ಹೊರತು ಉಳಿದದ್ದು ಅಷ್ಟಕ್ಕಷ್ಟೆ. ಮೈಸೂರಿನ ಕಾನ್ವೆಂಟಿನಲ್ಲಿ ಓದಿದವಳು ಮನೆಯಲ್ಲಿ ನಾನೊಬ್ಬಳೇ. ಹಾಗಾಗಿ ನಾನು ಅಡುಗೆಮನೆಯ ಬಾಗಿಲ ತೋಳಿನ ಹಿಂದೆ ನಿಂತು, ಸೆರಗು ಹೊದ್ದು, ಗೋಡೆಯ ಕಡೆ ಮುಖಮಾಡಿ ಓದಿ ಹೇಳಬೇಕಾಯಿತು. ಪಾಠ ಓದಿಸುತ್ತಿದ್ದ ನಮ್ಮ ಸಿಸ್ಟರು ನೋಡಿದ್ದರೆ, ಹೊಟ್ಟೆಯಿಂದ ದನಿ ತೆಗೆ ಎನ್ನುತ್ತಿದ್ದರೇನೋ. ನಳಿಕೆಯ ಉದ್ದ, ತೂಕ, ಎಷ್ಟು ದೂರಕ್ಕೆ ಎಷ್ಟು ಇಳಿಯುತ್ತದೆ ಎಂಬುದನ್ನೆಲ್ಲ ಓದಿದೆ. ಕೊನೆಯಲ್ಲಿ, ಈ ಬಂದೂಕು ಯಾವ ಮೈಕಟ್ಟಿನವರಿಗಾದರೂ ಹೊಂದುತ್ತದೆ ಎಂದಿತ್ತು. ಅದನ್ನೂ ಓದಿದೆ.

"ನೋಡಪ್ಪ," ಅಂದರು ಯಜಮಾನರು ಹಿಗ್ಗಿ. "ಮನೇಲಿ ಯಾರು ಬೇಕಾದ್ರೂ ಹೊಡೀಬೋದು. ನಿಮ್ಗೆ ಆಗ್ದಿದ್ ದಿನ ನಾನು ಹೊಡೀತೀನಿ."

ಒಳ್ಳೆಯ ಮನಸ್ಸಿನಿಂದಲೇ ಆಡಿದ ಮಾತು. ಆದರೆ ಮಾವನವರು ಎಲೆಗೆ ಸುಣ್ಣ ಸವರುತ್ತಿದ್ದ ಬೆರಳನ್ನು ನಿಲ್ಲಿಸಿದ್ದು ನನಗೆ ಬಾಗಿಲ ಸಂದಿಯಿಂದ ಕಂಡಿತು. ಆಮೇಲೆ ಅತ್ತೆಗೆ ಅಂದರು: "ಆ ಕೂಸ್ನ ಕೇಳು, ಎಡಗೈನೋರ್ಗೂ ಮಾಡ್ತಾರಾ ಅಂತ."

ಹುಡುಕಿದೆ. ವಿಶೇಷವಾಗಿ ಬರೆದರೆ ಮಾಡಿಕೊಡುತ್ತಾರೆ, ಹಡಗಿನಲ್ಲಿ ಬರಬೇಕು, ವರ್ಷದ ಮೇಲಾಗುತ್ತದೆ ಎಂದಿತ್ತು.

"ನಮ್ಮನೇಲಿ ಎಡಗೈನೋರು ಯಾರಿದ್ದಾರಪ್ಪ?" ಎಂದು ಯಜಮಾನರು ನಕ್ಕರು.

"ಸುಮ್ನೆ ಕೇಳ್ದೆ ಕಣ್ಲಾ. ಕೇಳ್ಬಾರ್ದಾ?"

ಅದಾದ ಮಾರನೆಯ ದಿನವೋ ಏನೋ, ಹಿತ್ತಿಲಲ್ಲಿ ಸೀಗೆಕಾಯಿ ಒಣಹಾಕಲು ಹೋದಾಗ ಅವರನ್ನು ಕಂಡೆ. ದನದ ಕೊಟ್ಟಿಗೆಯ ಮರೆಯಲ್ಲಿ ಒಂದು ಬಿದಿರುಗಳವನ್ನು ಎಡಭುಜಕ್ಕೆ ಆನಿಸಿ ಗುರಿ ಹಿಡಿದಿದ್ದರು. ಕೈ ಒಗ್ಗಲಿಲ್ಲ, ಗಳದ ತುದಿ ನಡುಗಿತು. ಇಡೀ ಆಯುಷ್ಯ ಬಲಭುಜಕ್ಕೆ ಕಲಿಸಿದ್ದನ್ನು ಎಡಭುಜ ಈಗ ಕಲಿಯುವುದಾದರೂ ಹೇಗೆ? ಆಮೇಲೆ ಬಲಭುಜಕ್ಕೆ ಇಟ್ಟುಕೊಂಡರು. ಎಡಗಣ್ಣನ್ನು ಗಳದ ನೇರಕ್ಕೆ ತರಲು ಕತ್ತನ್ನು ಅದರ ಮೇಲೆ ಅಡ್ಡ ಬಗ್ಗಿಸಿದರು, ಇನ್ನೂ ಬಗ್ಗಿಸಿದರು. ಕತ್ತಿನ ನರ ಎದ್ದು ಬಂದಿತ್ತು. ಒಂದು ಸಲ ಗಳವನ್ನು ಕೆಳಗಿಟ್ಟು ಹಸುವಿನ ಬೆನ್ನ ಮೇಲೆ ಕೈಯಿಟ್ಟು ಸುಮ್ಮನೆ ನಿಂತರು. ನಾನು ಸೀಗೆಕಾಯಿಯ ಮೊರವನ್ನು ಸದ್ದಾಗದಂತೆ ಎತ್ತಿಕೊಂಡು ಒಳಗೆ ಬಂದೆ.

ಆಗ ನನಗೆ ಅರ್ಥವಾಯಿತು. ಪುಸ್ತಕದ ಬಂದೂಕು ಎಲ್ಲರಿಗೂ ಹೊಂದುತ್ತದೆ, ಅವರೊಬ್ಬರಿಗೆ ಬಿಟ್ಟು. ಮರವನ್ನೇ ಬಗ್ಗಿಸಿ, ಬಲಭುಜದಿಂದ ಎಡಗಣ್ಣಿಗೆ ನಳಿಕೆಯನ್ನು ತಂದು ನಿಲ್ಲಿಸುವ ಬಂದೂಕು ಅವರಿಗೆ ಬೇಕು. ಅದನ್ನು ಕೈಯಲ್ಲೇ ಮಾಡಬೇಕು.

ಮಾರನೆಯ ಬೆಳಿಗ್ಗೆ ರಂಗೋಲಿಯನ್ನು ಬಾಗಿಲ ನಡುವೆ ಹಾಕದೆ, ಹೊರಗೆ ಬರುವವರ ಎಡಗಡೆಗೆ ಸರಿಸಿ ಹಾಕಿದೆ. ಎಡಗಣ್ಣಿಗೆ ಕಾಣಲಿ ಎಂದು. ಮಾವನವರು ಹೊಸ್ತಿಲ ಮೇಲೆ ನಿಂತರು, ನೋಡಿದರು, ಬಲಕ್ಕೆ ಹೆಜ್ಜೆ ಇಟ್ಟು ದಾಟಿದರು. ಎಳೆ ಕೆಡಲಿಲ್ಲ. ಅತ್ತೆ ಮಾತ್ರ, "ಇದೇನು ಕೂಸೇ, ರಂಗೋಲಿ ನೆಂಟ್ರ ಮನೆಗೆ ಹೊಂಟಂಗದೆ," ಅಂದರು.

ಬಂದೂಕಿನ ವಿಷಯದಲ್ಲಿ ನನ್ನ ಮಾತಿಗೆ ಜಾಗವಿರಲಿಲ್ಲ. ಆದರೆ ಅಡುಗೆಮನೆಯಲ್ಲಿ ಅತ್ತೆಯೊಂದಿಗೆ ಆಡಿದ ಮಾತು ನಡುಮನೆಗೆ ಕೇಳುವುದನ್ನು ಯಾರು ತಡೆಯುತ್ತಾರೆ? ಯಜಮಾನರು ಊಟಕ್ಕೆ ಕೂತಾಗ ನಾನು ಕಾನ್ವೆಂಟಿನ ಬೂಟಿನ ಕತೆ ತೆಗೆದೆ. ನಮಗೆ ಕಪ್ಪು ಬೂಟುಗಳು ನಂಬರಿನ ಮೇಲೆ ಬರುತ್ತಿದ್ದವು. ನನ್ನ ಕಾಲು ಎರಡು ನಂಬರಿನ ನಡುವಿನದು. ಸಣ್ಣದು ಹಾಕಿದರೆ ಬೊಬ್ಬೆ, ದೊಡ್ಡದು ಹಾಕಿದರೆ ಹತ್ತಿ ತುರುಕಬೇಕು. ಪ್ರಾರ್ಥನೆಗೆ ಸಾಲಾಗಿ ಹೋಗುವಾಗ ನನ್ನ ಬೂಟು ಮಾತ್ರ ಚಪ್ಪಾಳೆ ತಟ್ಟುತ್ತಿತ್ತು. ಕೊನೆಗೆ ನಮ್ಮಪ್ಪ ಪಾದವನ್ನು ಕಾಗದದ ಮೇಲೆ ಇರಿಸಿ ಗೆರೆ ಎಳೆಸಿ ಹೊಲಿಸಿಕೊಟ್ಟರು.

"ಆಮೇಲೆ?" ಅಂದರು ಅತ್ತೆ.

"ಆಮೇಲೆ ಸರಿಹೋಯ್ತು ಅತ್ತೆ. ಅದು ನನ್ನ ಕಾಲು ಬಿಟ್ಟು ಇನ್ಯಾರಿಗೂ ಆಗ್ತಿರಲಿಲ್ಲ."

ನಡುಮನೆಯಲ್ಲಿ ಊಟದ ಸದ್ದು ನಿಂತಿತ್ತು. ಕೈ ತೊಳೆಯಲು ಬಂದ ಯಜಮಾನರು ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ಬೂಟಿನ ಕತೆ ಜೋರಾಗಿತ್ತು," ಅಂದರು. ಸಂಜೆಗೆ ಅಪ್ಪನ ಹತ್ತಿರ ಹೋಗಿ, "ನಿಮ್ಗೆ ಯಾವ್ದು ಸರಿಯೋ ಅದೇ ಮಾಡ್ಸನ," ಎಂದು ಒಪ್ಪಿಕೊಂಡರು. ಪುಸ್ತಕವನ್ನು ಮಾತ್ರ ಎಸೆಯಲಿಲ್ಲ.

ಅಳತೆ ಕೊಡಲು ಚಾಮರಾಜನಗರಕ್ಕೆ ಹೊರಟಾಗ ಅತ್ತೆಗೆ ದೇವಸ್ಥಾನ ನೋಡುವ ಆಸೆ, ಅವರ ಜೊತೆಗೆ ನಾನು. ಊರಿಗೆ ಹೋಗುವುದೆಂದರೆ ಮಾವನವರಿಗೆ ಕರಿಯ ಉಣ್ಣೆ ಕೋಟು ಬೇಕೇ ಬೇಕು. ಕತ್ತಿನವರೆಗೆ ಗುಂಡಿ, ಭುಜದಲ್ಲಿ ದಪ್ಪ ಕ್ಯಾನ್ವಾಸಿನ ಒಳಪದರ, ಅದಕ್ಕೆ ಅಸ್ತರು. ಹಿಂದಿನ ದಿನವೇ ಟ್ರಂಕಿನಿಂದ ತೆಗೆದು, ಬೇವಿನಸೊಪ್ಪು ಕೊಡವಿ, ಕೆಂಡದ ಇಸ್ತ್ರಿಪೆಟ್ಟಿಗೆಯಲ್ಲಿ ಉಜ್ಜಿದ್ದು ನಾನೇ. ಕೋಟಿನ ಒಳಗೆ ತೊಡಲು ಅತ್ತೆ ಹಳೆಯ ಅಂಗಿಯೊಂದನ್ನು ಕೊಟ್ಟರು. ತೋಳು ಹರಿದು, ಬೆನ್ನಿಗೆ ದೊಡ್ಡ ತೇಪೆ ಹಾಕಿದ್ದ ಅಂಗಿ. "ಕೋಟಿನ್ ಒಳ್ಗೆ ಯಾರು ನೋಡ್ತಾರೆ? ಬೆವ್ರಲ್ಲಿ ಒಳ್ಳೇ ಅಂಗಿ ಯಾಕ್ ಹಾಳು?" ಅಂದರು. ನಮ್ಮ ಕಡೆ ಎಲ್ಲ ಮನೆಗಳಲ್ಲೂ ಹಾಗೆಯೇ. ಮೇಲಿನದು ಊರಿಗೆ, ಒಳಗಿನದು ಮನೆಗೆ.

ಬಸ್ಸು ತೆರಕಣಾಂಬಿಯ ಮೇಲೆ ಹಾಯ್ದು ಹೋಗುವಾಗ ಮಾವನವರು ಆ ಬಿಸಿಲಿನಲ್ಲೂ ಒಂದು ಗುಂಡಿ ಬಿಚ್ಚಲಿಲ್ಲ.

ಬಂದೂಕಿನ ಸಾಹೇಬರ ಮನೆ ಉದ್ದಕ್ಕಿತ್ತು. ಮುಂದೆ ಕೆಲಸದ ಜಾಗ, ಹಿಂದೆ ಸಂಸಾರ, ನಡುವೆ ಹೂವಿನ ಪರದೆ. ನಮ್ಮನ್ನು ಪರದೆಯ ಒಳಗೆ ಕರೆದುಕೊಂಡು ಹೋದ ಅವರ ಹೆಂಡತಿ, ಅತ್ತೆ ಹೊರಗೆ ಚಹಾ ಮುಟ್ಟುವವರಲ್ಲವೆಂದು ತಾವೇ ತಿಳಿದುಕೊಂಡು ಬಾಳೆಹಣ್ಣು, ಎಲೆಅಡಿಕೆ ಇಟ್ಟರು. ಅತ್ತೆ ಅವರ ಮೂಗುಬೊಟ್ಟಿನ ಕೆತ್ತನೆ ನೋಡಿದರು, ಅವರು ಅತ್ತೆಯ ಕಾಲುಂಗುರ ನೋಡಿದರು. ನನಗೆ ಪರದೆಯ ಸಂದಿಯಿಂದ ಹೊರಗಿನದೆಲ್ಲ ಕಾಣುತ್ತಿತ್ತು. ಅಲ್ಲಿ ಮರದ ಪುಡಿಯ ವಾಸನೆ, ಎಣ್ಣೆಯ ವಾಸನೆ.

ಸಾಹೇಬರು ದೊಡ್ಡ ಮಾತುಗಾರರು. ತಮ್ಮ ತಾತ ಮಾಡಿದ ಬಂದೂಕು ಹಕ್ಕಿಯ ನೆರಳನ್ನು ಹೊಡೆಯುತ್ತಿತ್ತು ಎಂದರು. ಆಮೇಲೆ ತೋರುಬೆರಳನ್ನು ತಮ್ಮ ಮೂಗಿನ ಮೇಲಿಟ್ಟುಕೊಂಡು ಮಾವನವರಿಗೆ, "ಯಜಮಾನ್ರೇ, ಕೈ ಚಾಚಿ ಇದಕ್ಕೆ ಬೆರಳು ತೋರ್ಸಿ, ಎರಡೂ ಕಣ್ಣು ತೆರ್ಕೊಂಡೇ ಇರಿ," ಅಂದರು. ಮಾವನವರು ತೋರಿಸಿದರು. ಸಾಹೇಬರು ಆ ಬೆರಳಿನ ನೇರವನ್ನು ಹಿಡಿದು ನೋಡಿದರು, ಅದು ಮಾವನವರ ಎಡಗಣ್ಣಿಗೆ ಹೋಗಿ ನಿಲ್ಲುತ್ತಿತ್ತು. ಅಷ್ಟು ಹೊತ್ತು ನಿಲ್ಲದೆ ಹರಿಯುತ್ತಿದ್ದ ಮಾತು ಒಂದು ಕ್ಷಣ ನಿಂತಿತು.

"ನಂಗೆ ಕತ್ತು ಹಿಡ್ಕಂಡದೆ," ಅಂದರು ಮಾವನವರು.

"ಹೌದು ಹೌದು, ವಯಸ್ಸಿಗೆ ಕತ್ತು ಹಿಡ್ಕೊಳ್ತದೆ," ಅಂದರು ಸಾಹೇಬರು. "ಮರಕ್ಕೆ ಬಗ್ಗೋ ಕೆಲ್ಸ ಕೊಡೋಣ, ಕತ್ತಿಗೆ ಯಾಕೆ?" ಮತ್ತೆ ತಾತನ ಕತೆಗೆ ಹೋದರು. ನನಗೆ ಆ ಮನುಷ್ಯರ ಮೇಲೆ ಗೌರವ ಬಂದದ್ದು ಆ ಗಳಿಗೆಯಲ್ಲಿ.

ಆಮೇಲೆ ಕೀಲು ಕೀಲಾಗಿ ತಿರುಗುವ ಒಂದು ಮರದ ಸುಳ್ಳು ಬಂದೂಕನ್ನು ತಂದರು. ಅದನ್ನು ಭುಜಕ್ಕೆ ಇಟ್ಟು, ತಿರುಪು ಸಡಿಲಿಸಿ ಉದ್ದ ಕುಗ್ಗಿಸಿ, ಬಗ್ಗಿಸಿ ಅಳತೆ ಹಿಡಿಯುವುದು.

"ಕೋಟು ಬಿಚ್ಚಿಬಿಡಿ ಯಜಮಾನ್ರೇ. ಅಳತೆ ಮೈದು ಬೇಕು, ಬಟ್ಟೇದಲ್ಲ."

ಪರದೆಯ ಒಳಗೆ ಅತ್ತೆಯ ಕೈ ನನ್ನ ಮೊಣಕೈಯನ್ನು ಹಿಡಿಯಿತು. ಆ ತೇಪೆಯ ಅಂಗಿ!

"ಇರ್ಲಿ ಬುಡಿ," ಅಂದರು ಮಾವನವರು. "ಮೈಯೂ ಇದ್ರೊಳ್ಗೇ ಅದೆ."

ಸಾಹೇಬರು ಇನ್ನೊಂದು ಸಲ ಹೇಳಿದರು. ಮಾವನವರು ಕತ್ತಿನ ಗುಂಡಿಯನ್ನು ಮುಟ್ಟಿ ನೋಡಿಕೊಂಡರೇ ಹೊರತು ಬಿಚ್ಚಲಿಲ್ಲ. ಮನೆಗೆ ಬಂದ ಹಿರಿಯರಿಗೆ ಮೂರನೆಯ ಸಲ ಹೇಳುವುದು ಸಾಹೇಬರ ಮರ್ಯಾದೆಗೆ ಒಗ್ಗಲಿಲ್ಲವೆಂದು ತೋರುತ್ತದೆ. ಕೋಟಿನ ಮೇಲೆಯೇ ಅಳತೆ ಆಯಿತು. ಅತ್ತೆ ಉಸಿರುಬಿಟ್ಟು ಎಲೆಅಡಿಕೆ ಹಾಕಿಕೊಂಡರು.

ಬೇಸಿಗೆ ಕಳೆದು ಮಳೆ ಹಿಡಿದ ಮೇಲೆ ಬಂದೂಕು ಸಿದ್ಧವಾಯಿತೆಂದು ಸುದ್ದಿ ಬಂತು. ತರಲು ಅಪ್ಪ ಮಗ ಇಬ್ಬರೂ ಹೋದರು, ಮತ್ತೆ ಕೋಟು. ಹರದನಹಳ್ಳಿಯ ಆಚೆ ಕಲ್ಲುಗಣಿಯಲ್ಲಿ ಸಾಹೇಬರು ಹೊಡೆಸಿ ನೋಡಿದರಂತೆ. ದೂರದ ಬಂಡೆಗೆ ಸುಣ್ಣದಲ್ಲಿ ಬಳಿದ ಬೊಟ್ಟಿಗೆ ಮಾವನವರು ಹೊಡೆದ ಗುಂಡುಗಳೆಲ್ಲ ಒಂದರ ಪಕ್ಕ ಒಂದು ಕೂತವಂತೆ. ಯಜಮಾನರೇ ಬಂದು ಹೇಳಿದರು, "ಅಂಗೈಯಲ್ಲಿ ಮುಚ್ಬೋದಿತ್ತು!" ಎಂದು, ಸೋತವರ ಸಂತೋಷದಲ್ಲಿ. ಬೀಟೆಮರದ ಹಿಡಿ, ನುಣ್ಣಗೆ, ಹಳೆಯ ಬೆಲ್ಲದ ಬಣ್ಣ. ಕೆನ್ನೆ ಇಡುವ ಕಡೆ ಮರ ಒಂದು ಕಡೆಗೆ ವಾಲಿ ಬಾಗಿತ್ತು. ನೋಡಿದವರೆಲ್ಲ ಕೇಳಿದರು. ಮಾವನವರು ಎಲ್ಲರಿಗೂ, "ಕತ್ತು ಹಿಡ್ಕಂಡದೆ," ಅಂದರು. ನಂಬಿದರು.

ಹೊಸ ಬಂದೂಕು ಬಂದಿದೆಯೆಂದು ಊರೆಲ್ಲ ಕಾದಿತ್ತು. "ಹಂದಿ ಇಳ್ದವೆ ಬುದ್ದೀ," ಎಂದು ಕೂಗು ಬಂದ ಸಂಜೆ ಮಾವನವರು ಬನಿಯನ್ನಿನ ಮೇಲೆ ಒಂದು ಟವೆಲು ಹೊದ್ದು, ಯಾವತ್ತಿನ ಹಾಗೆ ಹೊರಟರು. ಏರಿಯ ಮೇಲೆ ಅರ್ಧ ಊರು. ನಾವು ಹೆಂಗಸರು ಹುಣಿಸೆಮರದ ಹತ್ತಿರ. ಆಚೆ ದಡದಲ್ಲಿ ಒಂದು ದೊಡ್ಡ ಒಂಟಿಹಂದಿ, ಸಂಜೆಬೆಳಕಿನಲ್ಲಿ ಕರೀ ಬಂಡೆಯ ಹಾಗೆ. ಅವರು ಕಲ್ಲಿಗೆ ಒರಗಿ ಕೂತು ಗುರಿ ಹಿಡಿದರು. ಬಿಟ್ಟರು, ಮತ್ತೆ ಹಿಡಿದರು. ಭುಜವನ್ನು ಅಲ್ಲಾಡಿಸಿ ಸರಿಮಾಡಿಕೊಂಡರು. ಗುಂಡು ಹಾರಿತು. ಹಂದಿಯಿಂದ ಈಚೆಗೆ ನೀರಿನಲ್ಲಿ ಒಂದು ಬಿಳಿಯ ಕೋಲು ಎದ್ದು ಬಿತ್ತು. ಹಂದಿ ತಲೆಯೆತ್ತಿ ನಮ್ಮ ಕಡೆ ನೋಡಿ, ಅವಸರವಿಲ್ಲದೆ ಪೊದೆಯೊಳಗೆ ಹೋಯಿತು.

ಆಮೇಲೆ ಯಾರೋ ಹಿಂದಿನಿಂದ, "ಮೀನ್ಗೆ ಬಿತ್ತೇನ್ಲಾ, ನೋಡ್ರಲಾ," ಅಂದ. ನಗು ಎದ್ದಿತು. ಇನ್ನೊಬ್ಬ, "ಬಂದೂಕ್ಕೂ ಕತ್ತು ಹಿಡ್ಕಂಡದೆ ಕಣ," ಅಂದ. ಕೆಟ್ಟ ನಗುವಲ್ಲ, ಏರಿಯ ಮೇಲೆ ನಗುವ ನಗು. ಆದರೆ ಮಾವನವರು ಬಂದೂಕನ್ನು ಟವೆಲಿನಲ್ಲಿ ಒರೆಸುತ್ತಲೇ ಕೂತಿದ್ದರು, ಎಲ್ಲರೂ ಹೋಗುವವರೆಗೆ ಏಳಲಿಲ್ಲ. ದಾರಿಯಲ್ಲಿ ಯಜಮಾನರು, "ನಾನು ಅವತ್ತೇ ಏಳ್ದೆ" ಎಂದು ಶುರುಮಾಡಿ, ಅಪ್ಪನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು.

ಮನೆಗೆ ಬಂದ ಮೇಲೆ ಅವರು ಅತ್ತೆಗೆ ಹೇಳಿದ್ದು ಒಂದೇ ಮಾತು: "ಲೈಸೆನ್ಸು ಅವ್ನ ಹೆಸ್ರಿಗೆ ಬರ್ಸ್ಬುಡನ ಅಂತಿವ್ನಿ."

ಅತ್ತೆಗೆ ಅದರ ತೂಕ ತಿಳಿಯಲಿಲ್ಲ. "ಬರ್ಸಿ, ನಿಮ್ಗೂ ರೆಸ್ಟಾಯ್ತದೆ," ಅಂದರು.

ಬೆಳಿಗ್ಗೆ ಕೋಟನ್ನು ಟ್ರಂಕಿಗೆ ಸೇರಿಸಬೇಕಾಗಿತ್ತು. ಬಿಸಿಲಿಗೆ ಹಿಡಿದು ಬ್ರಷ್ ಹಾಕುತ್ತಿದ್ದೆ. ಬಲಭುಜದ ಮೇಲೆ ಒಂದು ಎಣ್ಣೆಯ ಕಲೆ ಕಂಡಿತು. ಉದ್ದಕ್ಕೆ, ದುಂಡಗೆ, ಮಾವಿನ ಓಟೆಯ ಆಕಾರದಲ್ಲಿ. ಬಂದೂಕಿನ ಹಿಂಭಾಗದ ಗುರುತು. ಗಣಿಯಲ್ಲಿ ಹೊಡೆದಾಗ ಅಲ್ಲಿ ಕೂತಿತ್ತು. ಕಲೆಯ ಕೆಳಗೆ ಬೆರಳು ಇಟ್ಟು ಹಿಸುಕಿ ನೋಡಿದೆ. ಉಣ್ಣೆ, ಕ್ಯಾನ್ವಾಸು, ಅಸ್ತರು, ಒಟ್ಟಿಗೆ ನನ್ನ ಬೆರಳಿನಷ್ಟು ದಪ್ಪ. ಆ ಬೆರಳಿನಷ್ಟನ್ನು ಸಾಹೇಬರು ಮರದಲ್ಲಿ ಕಳೆದಿದ್ದರು. ಬನಿಯನ್ನಿನ ಭುಜಕ್ಕೆ ಆ ಬಂದೂಕು ಮೋಟಾಗಿತ್ತು, ದೊಡ್ಡ ನಂಬರಿನ ಬೂಟಿನೊಳಗೆ ನನ್ನ ಕಾಲು ಕುಣಿಯುತ್ತಿದ್ದ ಹಾಗೆ ಭುಜದಲ್ಲಿ ಕುಣಿಯುತ್ತಿತ್ತು.

ಅತ್ತೆ ಮನೆಯಲ್ಲಿರಲಿಲ್ಲ, ಬಾಣಂತಿಯೊಬ್ಬಳನ್ನು ನೋಡಲು ಹೋಗಿದ್ದರು. ಕಾಯಬಹುದಿತ್ತು. ನಾನು ಕಾಯಲಿಲ್ಲ. ಸೆರಗು ಸರಿಮಾಡಿಕೊಂಡು, ಕೋಟು ಹಿಡಿದು ಜಗುಲಿಗೆ ಹೋದೆ. ಮಾವನವರ ಎಡಗಡೆಗೆ ಬಂದು ನಿಂತೆ.

"ಮಾವಯ್ಯ, ಇದನ್ನ ಹಾಕ್ಕೊಂಡು ಒಂದ್ಸಲ ಬಂದೂಕು ಹಿಡಿದು ನೋಡಿ."

ಅವರು ಅಭ್ಯಾಸಬಲದಿಂದ ಅತ್ತೆ ನಿಲ್ಲುವ ಕಡೆ ನೋಡಿದರು. ಅಲ್ಲಿ ಯಾರೂ ಇರಲಿಲ್ಲ. ಆಮೇಲೆ ನನ್ನನ್ನು ನೋಡಿದರು.

"ಯಾಕ್ ಮಗಾ?"

"ಅಳತೆ ಕೊಟ್ಟಾಗ ಮೈಮೇಲೆ ಇದಿತ್ತು. ಗಣಿಯಲ್ಲೂ ಇದಿತ್ತು. ನಿನ್ನೆ ಇರ್ಲಿಲ್ಲ."

ಎಣ್ಣೆಯ ಕಲೆಯನ್ನು ತೋರಿಸಿದೆ. ಅವರು ಅದರ ಮೇಲೆ ಹೆಬ್ಬೆರಳು ಆಡಿಸಿದರು. ಹೊಟ್ಟೆ ಮೊದಲು ಅಲುಗಿತು, ಆಮೇಲೆ ಭುಜ, ಸದ್ದೇ ಇಲ್ಲದೆ ನಗುತ್ತಿದ್ದರು. "ಆ ತೇಪೆ ಅಂಗಿ," ಅಂದರು, "ಆ ದರಿದ್ರದ ತೇಪೆ ಅಂಗಿ!" ಕಣ್ಣೊರೆಸಿಕೊಂಡು, ದನಿ ಇಳಿಸಿ, "ರಂಗೋಲಿ ಎಡಕ್ಕೆ ಸರಿಸ್ದೋಳು ನೀನೇ ಅಲ್ವಾ? ನಾ ಕಂಡಿವ್ನಿ. ಯಾರ್ಗೂ ಏಳ್ಬ್ಯಾಡ," ಅಂದರು.

"ಇಲ್ಲ ಮಾವಯ್ಯ."

ನಮ್ಮಿಬ್ಬರ ನಡುವೆ ನೇರವಾಗಿ ನಡೆದ ಮೊದಲನೆಯ ಮಾತು ಅದು.

ಮತ್ತೆ ಕೂಗು ಬಂದಾಗ ಸೆಕೆಯ ಸಂಜೆ. ಮಾವನವರು ಕರೀ ಕೋಟು ತೊಟ್ಟು, ಕತ್ತಿನ ಗುಂಡಿಯವರೆಗೆ ಹಾಕಿಕೊಂಡು ಏರಿಗೆ ಬಂದರು. ಕೆಳಗೆ ಮಂಡಿಯವರೆಗೆ ಕಟ್ಟಿದ ಪಂಚೆ, ಬರಿಗಾಲು.

"ಏನ್ ಬುದ್ದೀ, ಹಂದಿ ಮದ್ವೆಗಾ?" ಎಂದ ಒಬ್ಬ.

"ಹೂಂ ಕಣ್ಲಾ, ನೀನು ಓಲಗ ಊದು," ಅಂದರು ಮಾವನವರು.

ನಗು ನಿಲ್ಲುವ ಮೊದಲೇ ಅವರು ಕೂತಾಗಿತ್ತು. ಈ ಸಲ ಭುಜ ಅಲ್ಲಾಡಲಿಲ್ಲ. ಬಂದೂಕು ಎಣ್ಣೆಯ ಕಲೆಯ ಮೇಲೆ ಹೋಗಿ ತನ್ನ ಜಾಗದಲ್ಲಿ ಕೂತಿತು, ಕೆನ್ನೆ ಮರದ ಬಾಗಿಗೆ ಒರಗಿತು. ಸದ್ದು ಕೆರೆಯ ಮೇಲೆ ಹೋಗಿ ಆಚೆ ದಡಕ್ಕೆ ಬಡಿದು ವಾಪಸು ಬರುವಷ್ಟರಲ್ಲಿ ಹಂದಿ ನಿಂತಲ್ಲೇ ಕುಸಿದಿತ್ತು. ಹುಡುಗರು, ಆಳುಗಳು ಕೂಗುತ್ತಾ ಕೆರೆ ಸುತ್ತಿ ಓಡಿದರು. ಯಜಮಾನರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಮಾವನವರು ಗುಂಡಿ ಬಿಚ್ಚಿ, ಬೆವರು ಒರೆಸಿಕೊಂಡು, ಗುಡ್ಡೆಗೆ ಮುತ್ತುಗದೆಲೆ ತರಲು ಹೇಳಿದರು. ಬಂದೂಕಿನ ಸಾಹೇಬರಿಗೆ ಹಂದಿಯ ಬಾಡು ಆಗದು. ಅವರಿಗೆ ಮುಂದಿನ ಬಸ್ಸಿನಲ್ಲಿ ಒಂದು ಜೀವಂತ ಹುಂಜ ಹೋಯಿತು. ಅದು ದಾರಿಯುದ್ದಕ್ಕೂ ಕೂಗಿ ಕಂಡಕ್ಟರನ ಕೈಯಲ್ಲಿ ಬೈಸಿಕೊಂಡಿತಂತೆ.

ಆಮೇಲೆ ನಮ್ಮ ಮನೆಯಲ್ಲಿ ಕೋಟು ಟ್ರಂಕಿಗೆ ಹೋಗಲಿಲ್ಲ, ಬಂದೂಕಿನ ಪಕ್ಕದ ಗೂಟಕ್ಕೆ ಬಂತು. ಮರ ತಿದ್ದಿಸೋಣವೆಂದು ಯಜಮಾನರು ಹೇಳಿದರೆ ಮಾವನವರು ಒಪ್ಪಲಿಲ್ಲ. ಊರಿನವರಿಗೂ ಅದು ರೂಢಿಯಾಯಿತು. ಮಾವನವರು ಕೋಟು ತೊಟ್ಟರೆ ಕಡಲೆಕಾಯಿ ಉಳಿಯಿತೆಂದೇ ಲೆಕ್ಕ. ಕೆಲವು ವರ್ಷ ಕಳೆದು ಕೋಟು ಮೊಣಕೈಯಲ್ಲಿ ಹರಿದು ತೊಡಲಾಗದ ಸ್ಥಿತಿಗೆ ಬಂದಾಗ, ಅದರ ಭುಜವನ್ನೇ ಕತ್ತರಿಸಿ, ಉಣ್ಣೆ, ಕ್ಯಾನ್ವಾಸು, ಅಸ್ತರು ಸೇರಿಸಿ, ಕಾನ್ವೆಂಟಿನಲ್ಲಿ ಕಲಿತ ಒತ್ತುಹೊಲಿಗೆಯಲ್ಲಿ ಬಂದೂಕಿನ ಹಿಂಭಾ­ಗಕ್ಕೆ ಒಂದು ಸಣ್ಣ ಟೋಪಿ ಹೊಲಿದುಕೊಟ್ಟೆ. ಎಣ್ಣೆಯ ಕಲೆ ಹೊರಗೆ ಬರುವ ಹಾಗೆ. ಮಾವನವರು ಅದನ್ನು ತೊಡಿಸಿ, ಬನಿಯನ್ನಿನ ಭುಜಕ್ಕೆ ಇಟ್ಟು ನೋಡಿ, "ಈಗ ಕೋಟು ಬಂದೂಕೇ ಹಾಕ್ಕತ್ತು," ಅಂದರು.

ಅವರು ತೀರಿಕೊಂಡ ಮೇಲೆ ಲೈಸೆನ್ಸು ಯಜಮಾನರ ಹೆಸರಿಗೆ ಬಂತು. ಒಂದು ಮಧ್ಯಾಹ್ನ ಅವರು ಬಂದೂಕನ್ನು ಗೂಟದಿಂದ ಇಳಿಸಿ, ನಡುಮನೆಯಲ್ಲಿ ನಿಂತು ಬಲಭುಜಕ್ಕೆ ಇಟ್ಟುಕೊಂಡರು. ಕನ್ನಡಕ ಸರಿಮಾಡಿಕೊಂಡು ಬಲಗಣ್ಣಿನಿಂದ ನೋಡಿದರು. ಮರ ಕಂಡಿತು, ನಳಿಕೆ ಕಾಣಲಿಲ್ಲ. ಕತ್ತು ಹಿಂದೆ ಮುಂದೆ ಮಾಡಿದರು. ಕೊನೆಗೆ ಸುಮ್ಮನೆ ಕೆನ್ನೆಯನ್ನು ಮರಕ್ಕೆ ಒರಗಿಸಿ ನಿಂತರು. ಒರಗಿಸಿದ ಮೇಲೆ ಅವರ ಬಲಗಣ್ಣು ನಿಧಾನವಾಗಿ ಮುಚ್ಚಿಕೊಂಡಿತು. ನಳಿಕೆ ಎಡಗಣ್ಣಿನ ಮುಂದೆ ನೆಟ್ಟಗೆ ನಿಂತಿತ್ತು.

ಮರದ ಬಾಗಿನ ಮೇಲೆ ಒಮ್ಮೆ ಬೆರಳು ಆಡಿಸಿದರು.

"ಇದು ಕತ್ತಿಗೆ ಮಾಡಿದ್ದಲ್ಲ," ಅಂದರು.

ನಾನು ಹೂವು ಕಟ್ಟುತ್ತಿದ್ದೆ. "ಅಲ್ಲ," ಅಂದೆ.

"ನಿಂಗೆ ಗೊತ್ತಿತ್ತಾ?"

"ಯಾರ್ಗೂ ಹೇಳ್ಬೇಡ ಅಂದಿದ್ರು."

ಅವರು ಬಂದೂಕನ್ನು ಇಳಿಸಿ, ಕೋಟಿನ ಬಟ್ಟೆಯ ಟೋಪಿಯನ್ನು ಸರಿಮಾಡಿ, ಮತ್ತೆ ಗೂಟಕ್ಕೆ ಹಾಕಿದರು. ಹಳೆಯ ಪುಸ್ತಕ ಹುಡುಕಿ, ಮದರಾಸಿಗೆ ಬರೆದು ಫ್ಯಾಕ್ಟರಿ ರೈಫಲ್ ತರಿಸಿಕೊಂಡರು. ಒಳ್ಳೆಯದೇ ಇತ್ತು. ಅವರೂ ಹೊಡೆದರು, ಆಮೇಲೆ ನಮ್ಮ ಮಗನೂ ಹೊಡೆದ. ಅದರ ಬಣ್ಣ ಯಾವುದಿತ್ತೆಂದು ಈಗ ಕೇಳಿದರೆ ನನಗೆ ನೆನಪಿಲ್ಲ.

ಅವರು ಅಪ್ಪನ ಬಂದೂಕಿಗೆ ಕೆನ್ನೆ ಒರಗಿಸಿದ ಮಾರನೆಯ ಬೆಳಿಗ್ಗೆ ರಂಗೋಲಿ ಹಾಕುವಾಗ ಕೈ ತಾನಾಗಿ ಎಡಕ್ಕೇ ಹೋಯಿತು. ಮಾವನವರು ಇಲ್ಲವಾದ ಮೇಲೂ ನಾನು ಅದನ್ನು ನಡುವಿಗೆ ತಂದಿರಲಿಲ್ಲ. ಹೊರಗೆ ಬಂದ ಯಜಮಾನರು ಹೊಸ್ತಿಲ ಮೇಲೆ ನಿಂತು ರಂಗೋಲಿಯನ್ನು ನೋಡಿದರು, ನನ್ನನ್ನು ನೋಡಿದರು. ಪಂಚೆಯ ಅಂಚನ್ನು ಎರಡು ಬೆರಳಲ್ಲಿ ಎತ್ತಿ, ಬಲಕ್ಕೆ ಹೆಜ್ಜೆ ಇಟ್ಟು ದಾಟಿದರು.